ಊರಿಗೆ ಬಂದ ಫೈಬರ್, ಮನೆಗೆ ಬರಲು ಹಿಡಿದ ಕಾಲ

ಬೆಳಗಾವಿ–ಧಾರವಾಡ ಹೆದ್ದಾರಿಯ ಕಿತ್ತೂರು ಎಂದರೆ ಎಲ್ಲರಿಗೂ ನೆನಪಾಗುವುದು ರಾಣಿ ಚೆನ್ನಮ್ಮ. ಭಾರತದ ದೂರಸಂಪರ್ಕದ ಇತಿಹಾಸದಲ್ಲೂ ಆ ಊರಿನ ಹೆಸರಿದೆ. 1986ರ ಜುಲೈನಲ್ಲಿ ಅಲ್ಲಿ 128 ಲೈನುಗಳ ಪುಟ್ಟ ಟೆಲಿಫೋನ್ ಎಕ್ಸ್‌ಚೇಂಜ್ ಒಂದು ಕೆಲಸ ಶುರುಮಾಡಿತು. ಸಿ-ಡಾಟ್ ಸಂಸ್ಥೆ ನಮ್ಮ ಹಳ್ಳಿಗಳಿಗೆಂದೇ ರೂಪಿಸಿದ ಡಿಜಿಟಲ್ ಎಕ್ಸ್‌ಚೇಂಜ್ ಮೊಟ್ಟಮೊದಲು ಬಂದು ಕೂತದ್ದು ಇಲ್ಲಿ. ಆ ಸಂಸ್ಥೆ ಹುಟ್ಟಿ ಆಗಿನ್ನೂ ಎರಡು ವರ್ಷ ತುಂಬಿರಲಿಲ್ಲ.

1984ರ ಆಗಸ್ಟ್‌ನಲ್ಲಿ ಸ್ಯಾಮ್ ಪಿತ್ರೋಡಾ ಅವರ ಒತ್ತಾಸೆಯಿಂದ ಆರಂಭವಾದ ಸಿ-ಡಾಟ್‌ಗೆ ಸರ್ಕಾರ ಕೊಟ್ಟಿದ್ದು 36 ಕೋಟಿ ರೂಪಾಯಿ ಮತ್ತು 36 ತಿಂಗಳ ಗಡುವು. ದೆಹಲಿ ಮತ್ತು ಬೆಂಗಳೂರಿನ ಪ್ರಯೋಗಾಲಯಗಳಲ್ಲಿ ಯುವ ಎಂಜಿನಿಯರುಗಳು ಹಗಲಿರುಳು ದುಡಿದರು. ಹೊರದೇಶದಿಂದ ತರಿಸಿದ ಡಿಜಿಟಲ್ ಎಕ್ಸ್‌ಚೇಂಜ್‌ಗಳಿಗೆ ಹವಾನಿಯಂತ್ರಿತ ಕೊಠಡಿ ಬೇಕಿತ್ತು. ನಮ್ಮ ಹಳ್ಳಿಗಳಲ್ಲಿ ಆಗ ಕರೆಂಟಿಗೇ ತತ್ವಾರ. ಕಿತ್ತೂರಿನ ಯಂತ್ರ ಎ.ಸಿ. ಕೇಳಲಿಲ್ಲ. ಧೂಳು, ಸೆಕೆ ಎರಡನ್ನೂ ತಡೆದುಕೊಂಡಿತು. ಮುಂದೆ ಅದೇ ಮಾದರಿಯ ಸಾವಿರಾರು ಎಕ್ಸ್‌ಚೇಂಜ್‌ಗಳು ದೇಶದ ಹಳ್ಳಿಗಳಲ್ಲಿ ಎದ್ದವು.

ಕಿತ್ತೂರಿನಲ್ಲಿ ಆದದ್ದು ದೊಡ್ಡ ಕೆಲಸ. ಆದರೂ ಆ ಎಕ್ಸ್‌ಚೇಂಜ್‌ನಿಂದ ಒಬ್ಬೊಬ್ಬರ ಮನೆಗೆ ಹೋಗಬೇಕಿದ್ದದ್ದು ಹಳೆಯ ತಾಮ್ರದ ತಂತಿಯೇ. ಊರಿಗೆ ಬರುವ ತಂತ್ರಜ್ಞಾನ ಹೊಸದು, ಊರೊಳಗಿನ ಕೊನೆಯ ಹಾದಿ ಹಳೆಯದು ಎಂಬ ಈ ಅಂತರ ಮುಂದಿನ ಮೂರು ದಶಕಗಳಿಗೂ ಹೆಚ್ಚು ಕಾಲ ಹಾಗೇ ಉಳಿಯಿತು. ಮನೆಗಳಿಗೆ ವೇಗದ ಇಂಟರ್‌ನೆಟ್ ಇಷ್ಟು ತಡವಾಗಿ ಬಂದದ್ದೇಕೆ ಎಂಬ ಪ್ರಶ್ನೆಗೆ ಉತ್ತರ ಬಹುಪಾಲು ಈ ಕೊನೆಯ ಹಾದಿಯಲ್ಲೇ ಸಿಗುತ್ತದೆ.

ಹಿಂದಿನ ತಲೆಮಾರಿಗೆ ತಡ ಎನ್ನುವುದು ರೂಢಿಯಾಗಿಬಿಟ್ಟಿತ್ತು. ಬೆಂಗಳೂರಿನ ದೂರವಾಣಿನಗರದಲ್ಲಿ 1948ರಲ್ಲೇ ಐ.ಟಿ.ಐ. ಕಾರ್ಖಾನೆ ಬಂದು, ಟೆಲಿಫೋನ್ ಉಪಕರಣಗಳು ಅಲ್ಲಿ ತಯಾರಾಗುತ್ತಿದ್ದವು. ಅದೇ ಬೆಂಗಳೂರಿನಲ್ಲಿ ಫೋನಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾದವರೂ ಇದ್ದರು. ಎಂಬತ್ತರ ದಶಕದ ನಡುವಿನಲ್ಲಿ ದೇಶದಲ್ಲಿ ನೂರು ಜನಕ್ಕೆ ಒಂದು ಫೋನ್ ಕೂಡ ಇರಲಿಲ್ಲ. 1994ರ ದೂರಸಂಪರ್ಕ ನೀತಿ 1997ರ ಹೊತ್ತಿಗೆ ಕೇಳಿದವರಿಗೆಲ್ಲ ಫೋನ್ ಕೊಡುವ ಮಾತು ಕೊಟ್ಟಿತು, ಆಗಲಿಲ್ಲ. 1999ರ ನೀತಿ ಅದನ್ನು 2002ಕ್ಕೆ ಮುಂದೂಡಿತು. ಗುರಿಯ ವರ್ಷ ಹೀಗೆ ಮುಂದೆ ಸರಿಯುವುದನ್ನು ಫೈಬರ್‌ನ ಕಾಲದಲ್ಲೂ ಜನ ನೋಡಬೇಕಾಯಿತು.

ಫೈಬರ್ ಮಾತ್ರ ಭಾರತಕ್ಕೆ ತಡವಾಗಿ ಬಂದ ವಸ್ತುವೇನಲ್ಲ. ಗಾಜಿನ ಎಳೆಯೊಳಗೆ ಬೆಳಕನ್ನು ಬಾಗಿಸಿ ಸಾಗಿಸಬಹುದು ಎಂದು 1954ರಲ್ಲಿ ‘ನೇಚರ್’ ಪತ್ರಿಕೆಯ ಮೂಲಕ ಜಗತ್ತಿಗೆ ತೋರಿಸಿದವರಲ್ಲಿ ಪಂಜಾಬಿನ ನರಿಂದರ್ ಸಿಂಗ್ ಕಪಾನಿ ಒಬ್ಬರು. ಗಾಜನ್ನು ಸಾಕಷ್ಟು ಶುದ್ಧಗೊಳಿಸಿದರೆ ಈ ಎಳೆಯಲ್ಲಿ ದೂರದವರೆಗೆ ಮಾತು ಕಳಿಸಬಹುದು ಎಂದು 1966ರಲ್ಲಿ ಲೆಕ್ಕ ಹಾಕಿ ಹೇಳಿದ ಚಾರ್ಲ್ಸ್ ಕಾವೊ ಅವರಿಗೆ 2009ರಲ್ಲಿ ನೊಬೆಲ್ ಬಂತು. 1979ರಲ್ಲೇ ಪುಣೆಯಲ್ಲಿ ಎಕ್ಸ್‌ಚೇಂಜ್‌ಗಳ ನಡುವೆ ಭಾರತದ ಮೊದಲ ಆಪ್ಟಿಕಲ್ ಫೈಬರ್ ವ್ಯವಸ್ಥೆ ಚಾಲೂ ಆಗಿತ್ತು. ತೊಂಬತ್ತರ ದಶಕದಲ್ಲಿ ದೂರಸಂಪರ್ಕ ಇಲಾಖೆ ಜಿಲ್ಲೆಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಹೋಬಳಿಗಳ ಎಕ್ಸ್‌ಚೇಂಜ್‌ಗಳಿಗೆ ರಸ್ತೆ ಬದಿಯ ಕಾಲುವೆ ತೋಡಿ ಆಪ್ಟಿಕಲ್ ಫೈಬರ್ ಕೇಬಲ್ ಎಳೆಯಿತು. ಬೆಳಕಿನ ಹಾದಿ ಎಕ್ಸ್‌ಚೇಂಜ್ ಬಾಗಿಲವರೆಗೆ ಬಂದು ನಿಂತಿತು. ಅಲ್ಲಿಂದಾಚೆ ಪಿಲ್ಲರ್, ಡಿ.ಪಿ. ಬಾಕ್ಸ್, ಕಂಬ, ಕೊನೆಗೆ ಮನೆಯ ಗೋಡೆ ಎಲ್ಲವೂ ತಾಮ್ರದ ಜೋಡಿಯ ಸಾಮ್ರಾಜ್ಯ.

ಬೆಂಗಳೂರಿನ ಕಂಪನಿಗಳು ಈ ಕೊನೆಯ ಹಾದಿಯನ್ನೇ ದಾಟಿಹೋದವು. 1985ರಲ್ಲಿ ಬಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ತನ್ನದೇ ಡಿಶ್ ನೆಟ್ಟು ಉಪಗ್ರಹದ ಮೂಲಕ ಹೊರದೇಶದ ಕಚೇರಿಯ ಜೊತೆ ಸೆಕೆಂಡಿಗೆ 64 ಕಿಲೋಬಿಟ್ ಸಂಪರ್ಕ ಇಟ್ಟುಕೊಂಡಿತು. ತೊಂಬತ್ತರ ದಶಕದ ಆರಂಭದಲ್ಲಿ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ ಈ ಸೌಲಭ್ಯವನ್ನು ಸಣ್ಣ ಕಂಪನಿಗಳಿಗೂ ಒದಗಿಸಿತು. ನಗರದ ಸಾಫ್ಟ್‌ವೇರ್ ಉದ್ಯಮ ಬೆಳೆದದ್ದು ಈ ಡಿಶ್‌ಗಳ ನೆರಳಲ್ಲಿ. ಆ ಕಚೇರಿಗಳಲ್ಲಿ ದುಡಿಯುವವರ ಮನೆಗಳಿಗೆ ಮಾತ್ರ ಅದೇ ಹಳೇ ಟೆಲಿಫೋನ್ ಜೋಡಿ.

1995ರ ಆಗಸ್ಟ್ 15ರಂದು ವಿ.ಎಸ್.ಎನ್.ಎಲ್. ಸಾರ್ವಜನಿಕರಿಗೆ ಇಂಟರ್‌ನೆಟ್ ತೆರೆಯಿತು. ಡಯಲ್-ಅಪ್‌ನ ಆರಂಭದ ವೇಗ ಸೆಕೆಂಡಿಗೆ 9.6 ಕಿಲೋಬಿಟ್. ನೆಟ್ ಹಾಕಿದಾಗ ಫೋನ್ ಎಂಗೇಜ್. ನೆಟ್‌ನ ಗಂಟೆಗಳಿಗೊಂದು ಲೆಕ್ಕ, ಫೋನ್ ಕರೆಗೆ ಇನ್ನೊಂದು ಬಿಲ್. 1998ರ ನವೆಂಬರ್‌ನಲ್ಲಿ ಖಾಸಗಿಯವರಿಗೂ ಬಾಗಿಲು ತೆರೆದ ಮೇಲೆ ದರ ಇಳಿಯಿತು, ಸೈಬರ್ ಕೆಫೆಗಳು ಬೀದಿಗೊಂದು ಹುಟ್ಟಿಕೊಂಡವು. ಮನೆಯ ಹಾದಿ ಬದಲಾಗಲಿಲ್ಲ.

ಬ್ರಾಡ್‌ಬ್ಯಾಂಡ್ ಎಂಬ ಪದ ಸರ್ಕಾರಿ ಕಾಗದಕ್ಕೆ ಗಟ್ಟಿಯಾಗಿ ಬಂದದ್ದು 2004ರ ಅಕ್ಟೋಬರ್‌ನ ನೀತಿಯಲ್ಲಿ. ಸೆಕೆಂಡಿಗೆ 256 ಕಿಲೋಬಿಟ್ ದಾಟಿದರೆ ಬ್ರಾಡ್‌ಬ್ಯಾಂಡ್ ಎಂದು ಅದು ಹೇಳಿತು; 2010ರ ಹೊತ್ತಿಗೆ 2 ಕೋಟಿ ಸಂಪರ್ಕದ ಗುರಿ ಇಟ್ಟಿತು. ಆ ವರ್ಷ ಮುಗಿಯುವಾಗ ಆಗಿದ್ದು ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ.

ಆದರೂ ಆ ಐದಾರು ವರ್ಷಗಳನ್ನು ಕಡೆಗಣಿಸುವಂತಿಲ್ಲ. 2005ರಲ್ಲಿ ಬಿ.ಎಸ್.ಎನ್.ಎಲ್. ತಂದ ‘ಡೇಟಾಒನ್’ ಕರ್ನಾಟಕದ ಸಣ್ಣಪುಟ್ಟ ಪಟ್ಟಣಗಳ ಮಧ್ಯಮ ವರ್ಗದ ಮನೆಗೆ ಮೊದಲ ಬಾರಿಗೆ ಸದಾ ಚಾಲೂ ಇರುವ ಇಂಟರ್‌ನೆಟ್ ತಂದಿತು. ತಿಂಗಳಿಗೆ 250 ರೂಪಾಯಿಯ ಪ್ಲಾನಿನಲ್ಲಿ ಸಿಗುತ್ತಿದ್ದದ್ದು 400 ಎಂ.ಬಿ. ಡೇಟಾ; ದಾಟಿದರೆ ಎಂ.ಬಿ. ಲೆಕ್ಕದಲ್ಲಿ ಬಿಲ್ ಏರುತ್ತಿತ್ತು. 500 ರೂಪಾಯಿ ಪ್ಲಾನಿನವರಿಗೆ ರಾತ್ರಿ 2ರಿಂದ ಬೆಳಗ್ಗೆ 8ರವರೆಗೆ ಎಷ್ಟು ಬಳಸಿದರೂ ಪುಕ್ಕಟೆ. ಒಂದಿಡೀ ತಲೆಮಾರಿನ ಎಂಜಿನಿಯರಿಂಗ್ ಹುಡುಗರು ಎರಡು ಗಂಟೆಗೆ ಅಲಾರಂ ಇಟ್ಟು ಎದ್ದು, ಡೌನ್‌ಲೋಡ್‌ಗೆ ಹಚ್ಚಿ ಮತ್ತೆ ಮಲಗುತ್ತಿದ್ದರು. 2007ರ ಜನವರಿಯಿಂದ ಅದೇ ದರಕ್ಕೆ 2 ಮೆಗಾಬಿಟ್‌ವರೆಗಿನ ವೇಗ ಬಂತು. ‘ವರೆಗಿನ’ ಎಂಬುದನ್ನು ಒತ್ತಿ ಓದಬೇಕಿತ್ತು. ಎಷ್ಟು ಸಿಗುತ್ತದೆ ಎನ್ನುವುದನ್ನು ಮನೆಯಿಂದ ಎಕ್ಸ್‌ಚೇಂಜ್‌ಗೆ ಇರುವ ದೂರವೇ ತೀರ್ಮಾನಿಸುತ್ತಿತ್ತು.

ಕಾರಣ ಸರಳ. ಮಾತಿಗೆ ಬೇಕಾದದ್ದು 4 ಕಿಲೋಹರ್ಟ್ಸ್‌ನೊಳಗಿನ ಕಂಪನ. ಬ್ರಾಡ್‌ಬ್ಯಾಂಡ್‌ಗೆ ಬಳಸುವ ಎ.ಡಿ.ಎಸ್.ಎಲ್. ತಂತ್ರ ಅದೇ ತಂತಿಯ ಮೇಲೆ ಸುಮಾರು 1.1 ಮೆಗಾಹರ್ಟ್ಸ್‌ವರೆಗಿನ ಕಂಪನಗಳಲ್ಲಿ ಡೇಟಾ ಹೊರಿಸುತ್ತದೆ. ಕಂಪನ ಹೆಚ್ಚಿದಷ್ಟೂ ತಾಮ್ರದಲ್ಲಿ ಸಂಕೇತ ಬೇಗ ಸೊರಗುತ್ತದೆ. ಎಕ್ಸ್‌ಚೇಂಜ್ ಪಕ್ಕದ ಮನೆಯವರಿಗೆ ವೇಗ ಸಿಕ್ಕರೆ, ನಾಲ್ಕೈದು ಕಿಲೋಮೀಟರ್ ದೂರದ ತೋಟದ ಮನೆಗೆ ಮೋಡೆಮ್‌ನ ಡಿ.ಎಸ್.ಎಲ್. ದೀಪ ಸ್ಥಿರವಾಗಿ ನಿಲ್ಲುವುದೇ ಕಷ್ಟ. ಮಳೆಗಾಲದಲ್ಲಿ ಜಾಯಿಂಟಿಗೆ ನೀರಿಳಿದರೆ ಫೋನಲ್ಲಿ ಗೊರಗೊರ ಸದ್ದು, ನೆಟ್ ಡೆಡ್. ಮಲೆನಾಡಿನಲ್ಲಿ ಜೂನ್‌ನಲ್ಲಿ ಕೆಟ್ಟ ಲೈನ್ ಸರಿಹೋಗಲು ಸೆಪ್ಟೆಂಬರ್ ಆದರೂ ಯಾರೂ ಆಶ್ಚರ್ಯಪಡುತ್ತಿರಲಿಲ್ಲ. ಮಳೆಯಲ್ಲಿ ನೆನೆಯುತ್ತ ಕಂಬ ಹತ್ತಿ, ಬಣ್ಣ ಮಾಸಿದ ಐವತ್ತು ಜೋಡಿಗಳಲ್ಲಿ ಒಂದನ್ನು ಹುಡುಕಿ ಬೆಸೆಯುತ್ತಿದ್ದ ಲೈನ್‌ಮನ್‌ಗಳ ದುಡಿಮೆಯಿಂದಲೇ ಆ ಜಾಲ ಅಷ್ಟು ವರ್ಷ ಉಸಿರಾಡಿತು.

ಬೆಂಗಳೂರಿನಲ್ಲಿ ಹಾದಿ ತೆರೆದವರು ಕೇಬಲ್‌ನವರು. ತೊಂಬತ್ತರ ದಶಕದಲ್ಲಿ ಟಿ.ವಿ. ಚಾನೆಲ್‌ಗಾಗಿ ಮನೆಮನೆಗೆ ತಂತಿ ಎಳೆದಿದ್ದ ಇವರಿಗೆ ಯಾವ ಬೀದಿಯಲ್ಲಿ ಎಷ್ಟು ಮನೆ, ಯಾವ ಮಹಡಿಗೆ ಹೇಗೆ ಹತ್ತಬೇಕು ಎಂಬುದೆಲ್ಲ ಗೊತ್ತಿತ್ತು. ಇಲ್ಲಿಯೇ ಹುಟ್ಟಿದ ಆಕ್ಟ್‌ನಂಥ ಕಂಪನಿ ಬೆಳೆದದ್ದು ಕೇಬಲ್ ಟಿ.ವಿ.ಯಿಂದಲೇ. ಆರಂಭದಲ್ಲಿ ಹೆಚ್ಚಿನ ಕಡೆ ಫೈಬರ್ ಬರುತ್ತಿದ್ದದ್ದು ಬೀದಿಯ ಪೆಟ್ಟಿಗೆಯವರೆಗೆ ಇಲ್ಲವೇ ಅಪಾರ್ಟ್‌ಮೆಂಟಿನ ಮೀಟರ್ ರೂಮಿನವರೆಗೆ. ಅಲ್ಲಿಂದ ಮನೆಗೆ ನೀಲಿ ಬಣ್ಣದ ಲ್ಯಾನ್ ವೈರ್. ಪೂರ್ತಿ ಫೈಬರ್ ಮನೆಯೊಳಗೆ ಬಂದದ್ದು ಆಮೇಲೆ.

ರಸ್ತೆ ಅಗೆಯುವ ಅನುಮತಿ, ಅದರ ಶುಲ್ಕ, ಅಗೆದ ರಸ್ತೆಯನ್ನು ಸರಿಪಡಿಸುವ ಹೊಣೆ ಇವುಗಳ ಜಗ್ಗಾಟದಲ್ಲಿ ಬೇಸತ್ತ ಕಂಪನಿಗಳು ಕೇಬಲ್ಲನ್ನು ಮರದಿಂದ ಮರಕ್ಕೆ ಕಟ್ಟಿದವು. ನಗರಾಡಳಿತ ಆಗಾಗ ಕಾರ್ಯಾಚರಣೆ ನಡೆಸಿ ಅವನ್ನು ಕತ್ತರಿಸುವುದು, ಆ ದಿನ ಬಡಾವಣೆಯ ಇಂಟರ್‌ನೆಟ್ ನಿಲ್ಲುವುದು, ವಾರದೊಳಗೆ ಹೊಸ ಕೇಬಲ್ ಮತ್ತೆ ಮರವೇರುವುದು ಬೆಂಗಳೂರಿಗರಿಗೆ ರೂಢಿಯಾದ ಸಂಗತಿ. ಒಂದೊಂದು ಊರಿನ ಸ್ಥಳೀಯ ಸಂಸ್ಥೆಗೂ ಒಂದೊಂದು ದರ ಇದ್ದ ಈ ಗೊಂದಲಕ್ಕೆ ಕೇಂದ್ರ ಸರ್ಕಾರ ಒಂದು ನಿಯಮಾವಳಿ ತಂದದ್ದು 2016ರ ನವೆಂಬರ್‌ನಲ್ಲಿ. ನೆಲದಡಿಯ ಕೇಬಲ್ಲಿಗೆ ಆಡಳಿತ ವೆಚ್ಚವಾಗಿ ಕಿಲೋಮೀಟರಿಗೆ 1,000 ರೂಪಾಯಿಗಿಂತ ಹೆಚ್ಚು ಕೇಳುವಂತಿಲ್ಲ ಎಂದು ಅದು ಹೇಳಿತು. ಅದನ್ನು ಊರೂರಿನಲ್ಲಿ ಜಾರಿಗೆ ತರಲು ಮತ್ತಷ್ಟು ವರ್ಷ ಹಿಡಿಯಿತು.

ಹಳ್ಳಿಗಳಿಗೆ ಸಂಬಂಧಿಸಿದ ಅತಿದೊಡ್ಡ ತೀರ್ಮಾನ ಆದದ್ದು 2011ರ ಅಕ್ಟೋಬರ್ 25ರಂದು. ದೇಶದ ಸುಮಾರು 2.5 ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆಯುವ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲಕ್ಕೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಅಂದಾಜು ವೆಚ್ಚ 20,000 ಕೋಟಿ ರೂಪಾಯಿ, ಗಡುವು ಎರಡು ವರ್ಷ. 2002ರಿಂದ ದೂರಸಂಪರ್ಕ ಕಂಪನಿಗಳ ಆದಾಯದಿಂದ ಸಂಗ್ರಹವಾಗುತ್ತಿದ್ದ ಸಾರ್ವತ್ರಿಕ ಸೇವಾ ನಿಧಿಯಲ್ಲಿ ಹಣ ಇತ್ತು. ಪ್ರತಿ ಪಂಚಾಯಿತಿಗೆ ಸೆಕೆಂಡಿಗೆ 100 ಮೆಗಾಬಿಟ್ ಎಂಬ ಭರವಸೆಯೂ ಇತ್ತು.

ಯೋಜನೆಯ ತಿರುಳು ಜಾಣತನದ್ದೇ. ಬ್ಲಾಕ್ ಕೇಂದ್ರಗಳವರೆಗೆ ಬಿ.ಎಸ್.ಎನ್.ಎಲ್.ನ ಹಳೆಯ ಫೈಬರ್ ಈಗಾಗಲೇ ಇದೆ. ಅಲ್ಲಿಂದ ಪಂಚಾಯಿತಿವರೆಗಿನ ತುಂಡುಗಳನ್ನಷ್ಟೇ ಹೊಸದಾಗಿ ಸೇರಿಸಿದರೆ ಸುಮಾರು 5 ಲಕ್ಷ ಕಿಲೋಮೀಟರಿನಲ್ಲಿ ಇಡೀ ದೇಶ ಮುಗಿಯುತ್ತದೆ ಎಂಬ ಲೆಕ್ಕ. ಜಿ-ಪಾನ್ ಎಂಬ ತಂತ್ರದಲ್ಲಿ ಒಂದೇ ಎಳೆಯ ಬೆಳಕನ್ನು ಕರೆಂಟಿನ ಹಂಗಿಲ್ಲದ ಸ್ಪ್ಲಿಟರ್ ಮೂಲಕ ಹಲವು ಕವಲಿಗೆ ಹಂಚಬಹುದು. ಕೇಂದ್ರದಿಂದ 20 ಕಿಲೋಮೀಟರ್‌ವರೆಗೆ ಒಯ್ಯಬಹುದು. ಆದರೆ ಒಂದೊಂದು ಕವಲಿಗೂ ಬೆಳಕು ಅರ್ಧಕ್ಕೆ ಇಳಿಯುತ್ತದೆ. ಹತ್ತಾರು ಸಲ ಕತ್ತರಿಸಿ ಬೆಸೆದ ಹಳೆಯ ಫೈಬರ್‌ನಲ್ಲಿ ಬೆಳಕು ಮೊದಲೇ ಸೋರಿಹೋಗಿರುತ್ತಿತ್ತು. ಎಲ್ಲ ಪಂಚಾಯಿತಿಗಳೂ ಒಂದೇ ಗೆರೆಯ ಮೇಲೆ ಇದ್ದುದರಿಂದ, ನಡುವೆ ಒಂದು ಕಡೆ ಜೆ.ಸಿ.ಬಿ. ತಾಗಿದರೆ ಅದರಾಚೆಯ ಊರುಗಳೆಲ್ಲ ಕತ್ತಲು.

ಕೆಲಸವೂ ತೆವಳಿತು. ರಾಜಸ್ಥಾನದ ಅರಾಯಿ, ಆಂಧ್ರದ ಪರವಾಡ, ತ್ರಿಪುರಾದ ಪಾನಿಸಾಗರ್ ಬ್ಲಾಕ್‌ಗಳ ಪ್ರಯೋಗ 2012ರಲ್ಲಿ ಮುಗಿಯಿತು. ಗಡುವಿನ 2013 ದಾಟಿತು. 2014ರ ಜೂನ್ ವೇಳೆಗೆ ಬಿದ್ದಿದ್ದ ಕೇಬಲ್ 358 ಕಿಲೋಮೀಟರ್ ಎಂದು ಮುಂದೆ ಕೇಂದ್ರ ಸರ್ಕಾರವೇ ಹೇಳಿತು. ಜೆ. ಸತ್ಯನಾರಾಯಣ ನೇತೃತ್ವದ ಸಮಿತಿ 2015ರ ಮಾರ್ಚ್‌ನಲ್ಲಿ ಯೋಜನೆಯ ರೂಪವನ್ನೇ ಬದಲಿಸಲು ಸಲಹೆ ಮಾಡಿತು. ಹೆಸರು ಭಾರತ್‌ನೆಟ್ ಎಂದಾಯಿತು. 2017ರ ಡಿಸೆಂಬರ್‌ನಲ್ಲಿ ಒಂದು ಲಕ್ಷ ಪಂಚಾಯಿತಿಗಳ ಮೊದಲ ಹಂತ ಮುಗಿದಾಗ ಅದರಲ್ಲಿ ಕರ್ನಾಟಕದ ಪಂಚಾಯಿತಿಗಳೂ ಇದ್ದವು. ಬೇರೆ ಹಲವು ರಾಜ್ಯಗಳಿಗಿಂತ ಇಲ್ಲಿ ಕೆಲಸ ಬೇಗ ಆಗಿತ್ತು.

‘ಊರಿಗೆ ಬಂದವಳು ನೀರಿಗೆ ಬರದೇ ಇರುತ್ತಾಳೆಯೇ’ ಎಂಬುದು ನಮ್ಮ ಗಾದೆ. ಯೋಜನೆ ರೂಪಿಸಿದವರ ನಂಬಿಕೆಯೂ ಅದೇ ಆಗಿತ್ತು. ಪಂಚಾಯಿತಿಗೆ ಫೈಬರ್ ಬಂದರೆ ಅಲ್ಲಿಂದ ಮನೆಗೆ ಒಯ್ಯುವ ಕೆಲಸವನ್ನು ಖಾಸಗಿ ಕಂಪನಿಗಳು, ಕೇಬಲ್‌ನವರು ಮಾಡಿಕೊಳ್ಳುತ್ತಾರೆ ಎಂದುಕೊಂಡರು. ಆ ಕೊನೆಯ ತುಂಡಿಗೆ ಯೋಜನೆಯಲ್ಲಿ ಹಣವನ್ನೂ ಇಡಲಿಲ್ಲ, ಹೊಣೆಗಾರರನ್ನೂ ಗೊತ್ತುಮಾಡಲಿಲ್ಲ. ಫೈಬರ್ ಬಂತು, ಪಂಚಾಯಿತಿ ಕಚೇರಿಯ ಮೂಲೆಯ ಪೆಟ್ಟಿಗೆಯಲ್ಲಿ ಕೂತಿತು.

ಅಂಥ ಪೆಟ್ಟಿಗೆಗಳನ್ನು ರಾಜ್ಯದ ಅನೇಕ ಪಂಚಾಯಿತಿಗಳಲ್ಲಿ ನೋಡಬಹುದು. ಗೋಡೆಗೆ ಜಡಿದ ಲೋಹದ ಕಪಾಟು, ಒಳಗೊಂದು ಒ.ಎನ್.ಟಿ. (ಫೈಬರ್‌ನ ಮೋಡೆಮ್), ಬ್ಯಾಟರಿ, ಛಾವಣಿಯ ಮೇಲೆ ಸೋಲಾರ್ ಫಲಕ. ಬಾಪೂಜಿ ಸೇವಾ ಕೇಂದ್ರದಲ್ಲಿ ಅರ್ಜಿ, ಪಹಣಿ, ಪ್ರಮಾಣಪತ್ರ ಎಂದು ಜನ ಸಾಲು ನಿಲ್ಲುವ ಕಡೆ ಈ ಸಂಪರ್ಕ ನಿಜಕ್ಕೂ ಬೇಕು. ಬ್ಯಾಟರಿ ಸತ್ತರೆ ಬದಲಿಸುವವರು ಯಾರು, ಫೈಬರ್ ತುಂಡಾದರೆ ಯಾರಿಗೆ ಫೋನ್ ಮಾಡಬೇಕು ಎಂಬುದು ಸ್ಪಷ್ಟವಿಲ್ಲದ ಕಡೆ ಕಂಪ್ಯೂಟರ್ ಆಪರೇಟರ್ ತಮ್ಮ ಮೊಬೈಲ್‌ನ ಹಾಟ್‌ಸ್ಪಾಟ್ ಹಚ್ಚಿ ಕೆಲಸ ಮುಗಿಸುತ್ತಾರೆ. ಕಡತದಲ್ಲಿ ಆ ಪಂಚಾಯಿತಿ ‘ಸೇವೆಗೆ ಸಿದ್ಧ’ ಎಂದೇ ಇರುತ್ತದೆ.

ಇಷ್ಟರಲ್ಲಿ 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದು ಮೊಬೈಲ್ ಡೇಟಾ ಅಗ್ಗವಾಯಿತು. ಕೈಯಲ್ಲೇ 4ಜಿ ಇರುವಾಗ ಮನೆಗೆ ವೈರು ಯಾಕೆ ಎಂಬ ಮಾತು ಎಲ್ಲೆಡೆ ಕೇಳಿಬಂತು. ತಂತಿಯ ಬ್ರಾಡ್‌ಬ್ಯಾಂಡ್ ಸಂಪರ್ಕಗಳು ವರ್ಷಗಟ್ಟಲೆ ಎರಡು ಕೋಟಿಯೊಳಗೇ ಸುತ್ತುತ್ತಿದ್ದವು. ಹಳೆ ಲ್ಯಾಂಡ್‌ಲೈನ್‌ಗಳನ್ನು ಜನ ಒಪ್ಪಿಸತೊಡಗಿದರು. ಹೋಬಳಿ ಎಕ್ಸ್‌ಚೇಂಜ್‌ಗಳು ಒಂದೊಂದಾಗಿ ಮುಚ್ಚಿದವು. ಜಿಯೋ ಫೈಬರ್ 100 ಮೆಗಾಬಿಟ್ ವೇಗಕ್ಕೆ 699 ರೂಪಾಯಿ ಎಂದು 2019ರ ಸೆಪ್ಟೆಂಬರ್‌ನಲ್ಲಿ ಬಂದರೂ ಅದರ ಗಮನ ಇದ್ದದ್ದು ಪಟ್ಟಣ–ನಗರಗಳ ಮೇಲೆ.

2020ರ ಮಾರ್ಚ್‌ನ ಲಾಕ್‌ಡೌನ್ ಮೊಬೈಲ್ ಸಾಕೆಂಬ ವಾದವನ್ನು ಕೆಡವಿತು. ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿಗಳು ಲ್ಯಾಪ್‌ಟಾಪ್ ಹೊತ್ತು ಶಿರಸಿ, ಸಾಗರ, ಪುತ್ತೂರು, ಕೊಪ್ಪದ ಹಳ್ಳಿಮನೆಗೆ ಬಂದರು. ಶಾಲೆಗಳು ಆನ್‌ಲೈನ್ ಆದವು. ಟವರ್ ಇಲ್ಲದ ಕಣಿವೆಗಳಲ್ಲಿ ಮಕ್ಕಳು ನೆಟ್‌ವರ್ಕ್ ಹುಡುಕಿ ಗುಡ್ಡ ಹತ್ತಿದರು, ಮರ ಏರಿದರು. 2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನಲ್ಲಿ ಸುರಿವ ಮಳೆಯಲ್ಲಿ ರಸ್ತೆ ಬದಿ ಕೂತು ಪಾಠ ಕೇಳುತ್ತಿದ್ದ ಮಗಳಿಗೆ ಅಪ್ಪ ಕೊಡೆ ಹಿಡಿದು ನಿಂತ ಚಿತ್ರ ನಾಡಿನಾದ್ಯಂತ ಹರಡಿತು. ಫೈಬರ್ ಹೋಬಳಿಯವರೆಗೆ ಬಂದು ಮೂರು ದಶಕಗಳಾಗುತ್ತ ಬಂದ ಜಿಲ್ಲೆಗಳಲ್ಲಿ ಮಕ್ಕಳು ಹೀಗೆ ಕೂರಬೇಕಾಯಿತು ಎನ್ನುವುದು ಆಡಳಿತಕ್ಕೆ ತಲೆತಗ್ಗಿಸುವ ವಿಷಯ.

ಕೊನೆಯ ತುಂಡನ್ನು ಎಳೆದವರು ಆಗಲೂ ಊರವರೇ. ಬಿ.ಎಸ್.ಎನ್.ಎಲ್. 2019ರಲ್ಲಿ ‘ಭಾರತ್ ಫೈಬರ್’ ಹೆಸರಿನಲ್ಲಿ ಮನೆ ಫೈಬರ್ ಸೇವೆಯನ್ನು ವಿಸ್ತರಿಸಿತ್ತು. ಎಕ್ಸ್‌ಚೇಂಜ್‌ವರೆಗಿನ ಜಾಲ ಸಂಸ್ಥೆಯದು. ಅಲ್ಲಿಂದ ಮನೆವರೆಗಿನ ಕೇಬಲ್, ಸ್ಪ್ಲಿಟರ್, ದುರಸ್ತಿ ಸ್ಥಳೀಯ ಪಾಲುದಾರರದು. ತಿಂಗಳ ಬಾಡಿಗೆಯಲ್ಲಿ ಇಬ್ಬರಿಗೂ ಪಾಲು. ಕೇಬಲ್ ಟಿ.ವಿ. ನಡೆಸುತ್ತಿದ್ದವರು, ಎಲೆಕ್ಟ್ರಿಕಲ್ ಅಂಗಡಿಯವರು, ಊರಿಗೆ ಮರಳಿದ ಯುವಕರು ಇದಕ್ಕೆ ಕೈಹಾಕಿದರು. ಅಡಿಕೆ ತೋಟದ ಅಂಚಿನಲ್ಲಿ, ಬೇಲಿಯ ಮೇಲೆ, ಸಿಲ್ವರ್ ಮರದಿಂದ ಮರಕ್ಕೆ ಕಪ್ಪು ಕೇಬಲ್ ಸಾಗಿತು. ನಾಲ್ಕಾರು ಮನೆಯವರು ಸೇರಿ ಕೇಬಲ್ ಖರ್ಚು ಹಂಚಿಕೊಂಡ ಊರುಗಳೂ ಇವೆ.

ಮಳೆಗಾಲದ ಒಂದು ದಿನ ಮರ ಬಿದ್ದು ಒ.ಎನ್.ಟಿ.ಯ ಕೆಂಪು ದೀಪ ಮಿನುಗಿದಾಗ ಈ ಹುಡುಗರ ಕೆಲಸ ನೋಡಬೇಕು. ತುಂಡಾದ ಜಾಗವನ್ನು ಯಂತ್ರ ಮೀಟರ್ ಲೆಕ್ಕದಲ್ಲಿ ತೋರಿಸುತ್ತದೆ. ರಸ್ತೆ ಬದಿ ಪ್ಲಾಸ್ಟಿಕ್ ಹೊದೆಸಿ ಕೂತು, ಕೇಬಲ್ಲಿನ ಕಪ್ಪು ಸಿಪ್ಪೆ ಸುಲಿದು, ಒಳಗಿನ ಬಣ್ಣದ ಲೇಪ ಕೆರೆದು, ಸ್ಪಿರಿಟ್ ಒದ್ದೆ ಮಾಡಿದ ಅರಿವೆಯಿಂದ ಗಾಜಿನ ಎಳೆ ಒರೆಸುತ್ತಾರೆ. ಎಳೆಯ ದಪ್ಪ 125 ಮೈಕ್ರಾನ್. ಬೆಳಕು ಹರಿಯುವ ನಡುತಿರುಳು ಬರೀ 9 ಮೈಕ್ರಾನ್. ತುದಿಯನ್ನು ಕ್ಲೀವರ್‌ನಲ್ಲಿ ನೇರವಾಗಿ ಕತ್ತರಿಸಿ ಸ್ಪ್ಲೈಸಿಂಗ್ ಮೆಷಿನ್‌ನಲ್ಲಿ ಎದುರುಬದುರು ಇಟ್ಟರೆ ಪರದೆಯ ಮೇಲೆ ಎರಡು ತುದಿಗಳು ಕಂಬಗಳಂತೆ ಕಾಣುತ್ತವೆ. ಕ್ಷಣಮಾತ್ರದ ವಿದ್ಯುತ್ ಕಿಡಿಗೆ ಗಾಜು ಕರಗಿ ಒಂದಾಗುತ್ತದೆ. ನಷ್ಟ 0.02 ಡೆಸಿಬಲ್ ಎಂದು ಬಂದರೆ ಕೆಲಸ ಪಾಸು. ಒಂದು ಧೂಳಿನ ಕಣ ಸಿಕ್ಕಿಕೊಂಡಿದ್ದರೆ ಮತ್ತೆ ಮೊದಲಿಂದ. ಜಿಗಣೆ ಕಚ್ಚುವ ಜಾಗದಲ್ಲಿ ಇಂಥ ನಾಜೂಕಿನ ಕೆಲಸ ಮಾಡುವ ಈ ಯುವಕರ ಹೆಸರು ಯಾವ ನೀತಿಪತ್ರದಲ್ಲೂ ಇಲ್ಲ.

2020ರ ಆರಂಭದಲ್ಲಿ ಸುಮಾರು 1.9 ಕೋಟಿ ಇದ್ದ ದೇಶದ ತಂತಿ ಬ್ರಾಡ್‌ಬ್ಯಾಂಡ್ ಸಂಪರ್ಕಗಳು 2024 ಮುಗಿಯುವಷ್ಟರಲ್ಲಿ 4 ಕೋಟಿ ದಾಟಿದವು. ಹಿಂದಿನ ಹದಿನೈದು ವರ್ಷಗಳಲ್ಲಿ ಆಗದ ಬೆಳವಣಿಗೆ ಐದೇ ವರ್ಷದಲ್ಲಿ ಆಯಿತು. ಬ್ರಾಡ್‌ಬ್ಯಾಂಡ್‌ನ ಕನಿಷ್ಠ ವೇಗವನ್ನು 2013ರಲ್ಲಿ 512 ಕಿಲೋಬಿಟ್‌ಗೆ, 2023ರ ಜನವರಿಯಲ್ಲಿ 2 ಮೆಗಾಬಿಟ್‌ಗೆ ಏರಿಸಲಾಯಿತು. ಇಷ್ಟಾದರೂ ಬ್ರಾಡ್‌ಬ್ಯಾಂಡ್ ಬಳಸುವ ತೊಂಬತ್ತು ಕೋಟಿಗೂ ಹೆಚ್ಚು ಚಂದಾದಾರರಲ್ಲಿ ತಂತಿಯವರು ನೂರಕ್ಕೆ ನಾಲ್ಕೈದು ಮಾತ್ರ. ಉಳಿದವರೆಲ್ಲ ಮೊಬೈಲ್ ಸಿಗ್ನಲ್ ನಂಬಿದವರು.

2023ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪರಿಷ್ಕೃತ ಭಾರತ್‌ನೆಟ್ ಯೋಜನೆಯ ಗಾತ್ರ 1,39,579 ಕೋಟಿ ರೂಪಾಯಿ. ಒಂದು ಕಡೆ ತುಂಡಾದರೂ ಇನ್ನೊಂದು ಕಡೆಯಿಂದ ಬೆಳಕು ಬರುವಂತೆ ಪಂಚಾಯಿತಿಗಳನ್ನು ಉಂಗುರದಂತೆ ಜೋಡಿಸುವುದು, ಹತ್ತು ವರ್ಷದ ನಿರ್ವಹಣೆಯನ್ನು ಗುತ್ತಿಗೆಯಲ್ಲೇ ಸೇರಿಸುವುದು, ಊರಿನ ಉದ್ಯಮಿಗಳಿಗೆ ಆದಾಯದಲ್ಲಿ ಪಾಲು ಕೊಡುವುದು ಅದರಲ್ಲಿವೆ. ಎಲ್ಲಕ್ಕಿಂತ ಮುಖ್ಯವಾಗಿ, ಐದು ವರ್ಷಗಳಲ್ಲಿ 1.5 ಕೋಟಿ ಗ್ರಾಮೀಣ ಮನೆಗಳಿಗೆ ಫೈಬರ್ ಎಂಬ ಗುರಿ ಇದೆ. ಮೊದಲ ಯೋಜನೆ ಕಚೇರಿಗಳನ್ನು ಎಣಿಸಿತ್ತು. ಇದು ಮನೆಗಳನ್ನು ಎಣಿಸುವ ಮಾತಾಡುತ್ತಿದೆ. ಕರ್ನಾಟಕದ ಸುಮಾರು 6 ಸಾವಿರ ಪಂಚಾಯಿತಿಗಳ ಗ್ರಾಮಸಭೆಗಳಲ್ಲಿ ಇನ್ನು ಮುಂದೆ ಕೇಳಬೇಕಾದ ಲೆಕ್ಕವೂ ಅದೇ: ಈ ಊರಿನಲ್ಲಿ ಎಷ್ಟು ಮನೆಗೆ ಫೈಬರ್ ಬಂದಿದೆ, ಅದರಲ್ಲಿ ಈ ತಿಂಗಳು ಎಷ್ಟು ನಡೆಯುತ್ತಿವೆ, ಕೆಟ್ಟದ್ದು ಎಷ್ಟು ದಿನಕ್ಕೆ ಸರಿಹೋಯಿತು.